ಬಿ.ಎಡ್. ಮಾಡಿ ಇಂಗ್ಲೆಂಡಿಗೆ ಬಂದವರೇ, ಆ ಸರ್ಟಿಫಿಕೇಟ್ ಕೊಳ್ಳುವ ಮುನ್ನ

ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನಲ್ಲಿ ಓದಿದ ವೈದ್ಯರು ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಬರುವುದು ಹೊಸ ಸಂಗತಿಯೇನಲ್ಲ. ಅವರೊಡನೆ ಬರುವ ಹೆಂಡತಿಯೋ ಗಂಡನೋ ಎಷ್ಟೋ ಸಲ ಬಿ.ಎಡ್. ಮುಗಿಸಿ ಹರಿಹರ, ಚನ್ನಗಿರಿ, ಹೊಳಲ್ಕೆರೆ ಕಡೆಯ ಪ್ರೌಢಶಾಲೆಗಳಲ್ಲಿ ನಾಲ್ಕಾರು ವರ್ಷ ಪಾಠ ಮಾಡಿದವರಾಗಿರುತ್ತಾರೆ. ನುರಿತ ಕೆಲಸಗಾರರ ವೀಸಾದಲ್ಲಿ ಬಂದವರ ಸಂಗಾತಿಗೆ ಇಲ್ಲಿ ದುಡಿಯಲು ಅಡ್ಡಿಯಿಲ್ಲ. ಆ ಮಟ್ಟಿಗೆ ಅಮೆರಿಕಕ್ಕಿಂತ ಈ ದೇಶ ವಾಸಿ. ಬಂದು ಸ್ವಲ್ಪ ಉಸಿರಾಡುವ ಹೊತ್ತಿಗೆ ಫೋನ್ ಬರುತ್ತದೆ: "ಅಕ್ಕಾ, ಇಲ್ಲಿ ದೊಡ್ಡವರಿಗೆ ಇಂಗ್ಲಿಷ್, ಲೆಕ್ಕ ಕಲಿಸುತ್ತಾರಂತಲ್ಲ, ನಾನು ಸೇರಬಹುದೇ?" ಧಾರಾಳವಾಗಿ ಸೇರಬಹುದು. ಬ್ಯಾಂಕ್ ಖಾತೆ, ಬಾಡಿಗೆ ಮನೆ, ಚಳಿಯ ಕೋಟಿನ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಹಣ ಕಳೆಯುವ ಜಾಗವೊಂದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಮೊದಲು ಒಂದು ಗೊಂದಲ ತೀರಲಿ. ಶಾಲಾ ಶಿಕ್ಷಕರಿಗೆ ಇಲ್ಲಿ ಕ್ಯು.ಟಿ.ಎಸ್. ಎಂಬ ಅರ್ಹತೆ ಇದೆ. 2023ರಿಂದ ಭಾರತದಲ್ಲಿ ತರಬೇತಿ ಪಡೆದ ಕೆಲವು ವಿಷಯಗಳ ಶಿಕ್ಷಕರೂ ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಆದರೆ ವಯಸ್ಕರ ತರಗತಿಗೆ ಅದು ಬೇಕಿಲ್ಲ. ಈ ತರಗತಿಗಳು ನಡೆಯುವುದು ಕಾಲೇಜುಗಳಲ್ಲಿ, ನಗರಸಭೆಗಳ ಕಲಿಕಾ ಕೇಂದ್ರಗಳಲ್ಲಿ, ಡಬ್ಲ್ಯು.ಇ.ಎ.ಯಂಥ ಸಂಸ್ಥೆಗಳಲ್ಲಿ. ಈ ಡಬ್ಲ್ಯು.ಇ.ಎ. ಕಾರ್ಮಿಕರ ಶಿಕ್ಷಣಕ್ಕೆಂದೇ 1903ರಲ್ಲಿ ಹುಟ್ಟಿತು. ವಯಸ್ಕರ ಕ್ಷೇತ್ರದ ಅರ್ಹತೆಯ ಹೆಸರು ಕ್ಯು.ಟಿ.ಎಲ್.ಎಸ್. ಒಂದಕ್ಷರದ ವ್ಯತ್ಯಾಸ, ದಾರಿ ಬೇರೆಯೇ. ತಮಾಷೆಯೆಂದರೆ ಕ್ಯು.ಟಿ.ಎಲ್.ಎಸ್. ಇದ್ದವರು ಶಾಲೆಯಲ್ಲೂ ಪಾಠ ಮಾಡಬಹುದೆಂದು 2012ರಲ್ಲಿ ಕಾನೂನೇ ಆಯಿತು. ಮರುವರ್ಷ ವಯಸ್ಕರ ಶಿಕ್ಷಕರಿಗೆ ಇಂಥದೇ ಅರ್ಹತೆ ಇರಬೇಕೆಂಬ ಕಡ್ಡಾಯವನ್ನು ಸರ್ಕಾರ ತೆಗೆದುಹಾಕಿತು. ಈಗ ಯಾರನ್ನು ತೆಗೆದುಕೊಳ್ಳಬೇಕೆಂಬುದು ಉದ್ಯೋಗದಾತರಿಗೆ ಬಿಟ್ಟದ್ದು.

ಕಾನೂನಿನ ಕಡ್ಡಾಯ ಇಲ್ಲ ಎಂದಕೂಡಲೇ ನಮ್ಮವರು ಯಾವ ಸರ್ಟಿಫಿಕೇಟ್ ಆದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ.

ಇಂಗ್ಲಿಷ್ ಕಲಿಸುವ ತರಬೇತಿಯನ್ನು ಮೊಬೈಲಿನಲ್ಲೇ ಮುಗಿಸಿಕೊಡುವ ಅಂಗಡಿಗಳು ಅಂತರ್ಜಾಲದ ತುಂಬ ಇವೆ. ವಿಡಿಯೊ ನೋಡಬೇಕು, ನಾಲ್ಕು ಆಯ್ಕೆಗಳ ಪ್ರಶ್ನೆಗಳಿಗೆ ಗುರುತು ಹಾಕಬೇಕು, ಹಣ ಕಟ್ಟಬೇಕು. ಪ್ರಮಾಣಪತ್ರ ಮನೆಗೇ ಬರುತ್ತದೆ. ಹೋದ ವರ್ಷ ವಿದ್ಯಾನಗರದ ಕಡೆಯ ಹುಡುಗಿಯೊಬ್ಬಳು ತನ್ನದನ್ನು ನನ್ನ ಮೇಜಿನ ಮೇಲೆ ಹರಡಿದಳು. ದಪ್ಪ ಕೆನೆಬಣ್ಣದ ಕಾಗದ, ಮೂಲೆಯಲ್ಲಿ ಚಿನ್ನದ ಬಣ್ಣದ ಉಬ್ಬು ಮುದ್ರೆ, ನಡುವೆ ದಪ್ಪಕ್ಷರದಲ್ಲಿ 'ಲೆವೆಲ್ 5' ಎಂಬ ಅರ್ಹತೆಯ ಮಟ್ಟ, ಅದರ ಕೆಳಗೆ '120 ಗಂಟೆ', ತೀರ ಕೆಳಗೆ ಸಣ್ಣಕ್ಷರದಲ್ಲಿ 'ಸಿ.ಪಿ.ಡಿ. ಮಾನ್ಯತೆ'. ಸುಳ್ಳೆಂದು ಹೇಳಲು ಒಂದಕ್ಷರವೂ ಸಿಗುವುದಿಲ್ಲ. ಕೆಲಸಕ್ಕೆ ಬರುವುದೂ ಒಂದಕ್ಷರವಿಲ್ಲ. ಅವಳು ಸಂದರ್ಶನಕ್ಕೆ ಹೋದಾಗ ಎದುರಿಗಿದ್ದ ಹೆಂಗಸು ಪತ್ರವನ್ನು ಗೌರವದಿಂದಲೇ ನೋಡಿ ಕೇಳಿದ್ದು ಇಷ್ಟೇ: "ನಿಮ್ಮ ಪಾಠವನ್ನು ಕುಳಿತು ನೋಡಿದವರು ಯಾರು?" ಯಾರೂ ನೋಡಿರಲಿಲ್ಲ. ಸಂದರ್ಶನ ಅಲ್ಲಿಗೇ ಮುಗಿಯಿತು. ಆಮೇಲೆ ಅವಳು ಮಾಡಿದ್ದು ಕೇಳಿದರೆ ನಿಮಗೂ ಹೊಟ್ಟೆ ಉರಿಯುತ್ತದೆ: ಕಡಿಮೆ ಗಂಟೆಯದು ತೆಗೆದುಕೊಂಡಿದ್ದೇ ತಪ್ಪಾಯಿತೆಂದು ಅದೇ ಅಂಗಡಿಯಿಂದ ಇನ್ನಷ್ಟು ಗಂಟೆಯ, ಇನ್ನಷ್ಟು ದುಬಾರಿಯ ಕೋರ್ಸ್ ಕೊಂಡಳು.

ಸಿ.ಪಿ.ಡಿ. ಮಾನ್ಯತೆಯೆಂದರೆ, ಈಗಾಗಲೇ ವೃತ್ತಿಯಲ್ಲಿರುವವರು ಜ್ಞಾನ ಹೆಚ್ಚಿಸಿಕೊಳ್ಳಲು ಈ ಕೋರ್ಸ್ ಅಡ್ಡಿಯಿಲ್ಲ ಎಂದು ಖಾಸಗಿ ಸಂಸ್ಥೆಯೊಂದು ಹಾಕಿದ ಮುದ್ರೆ. ಅದು ಸರ್ಕಾರಿ ಅರ್ಹತೆಯಲ್ಲ. ಅರ್ಹತೆಗಳ ಮೇಲೆ ಕಣ್ಣಿಡುವ ಸಂಸ್ಥೆ ಆಫ್‌ಕ್ವಾಲ್. ಅದರ ಪಟ್ಟಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಅದರಲ್ಲಿರುವ ಪ್ರತಿಯೊಂದು ಅರ್ಹತೆಗೂ ಓರೆಗೆರೆಗಳಿಂದ ಮೂರು ಭಾಗ ಮಾಡಿದ ಒಂದು ಸಂಖ್ಯೆ ಇರುತ್ತದೆ. ಹಣ ಕಟ್ಟುವ ಮುಂಚೆ ಆ ಸಂಖ್ಯೆ ಕೇಳಿ, ನೀವೇ ಹುಡುಕಿ ನೋಡಿ. ಸಂಖ್ಯೆ ಕೇಳಿದಾಗ "ಜಗತ್ತಿನಾದ್ಯಂತ ಮಾನ್ಯ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಊರುಗಳಲ್ಲೂ ಈಗ ಇಂಥ ಕೋರ್ಸುಗಳ ಫಲಕ ಕಾಣಿಸುತ್ತಿವೆ. ಹೊರಡುವ ಮುಂಚೆಯೇ ಅಪ್ಪ ಅಮ್ಮ ಹಣ ಕಟ್ಟಿ ಕಳಿಸುತ್ತಾರೆ, ಪಾಪ.

ಹಾಗಾದರೆ ಯಾವುದಕ್ಕೆ ಬೆಲೆ? ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಜ್‌ನ ಸೆಲ್ಟಾ ಅಥವಾ ಟ್ರಿನಿಟಿಯ ಸರ್ಟ್‌ಟೆಸಾಲ್. ಸೆಲ್ಟಾದಲ್ಲಿಯೂ ಕನಿಷ್ಠ 120 ಗಂಟೆಯೇ, ಅದೂ ಲೆವೆಲ್ 5ನದೇ. ಅಂಗಡಿಯವರು ಸಂಖ್ಯೆಗಳನ್ನು ಎಲ್ಲಿಂದ ಎತ್ತಿಕೊಂಡರೆಂದು ಈಗ ತಿಳಿಯಿತಲ್ಲ. ವ್ಯತ್ಯಾಸ ಇರುವುದು ಅದರೊಳಗಿನ ಆರು ಗಂಟೆಯಲ್ಲಿ. ಆ ಆರು ಗಂಟೆ ನೀವು ನಿಜವಾದ ವಯಸ್ಕ ಕಲಿಕಾರ್ಥಿಗಳ ಮುಂದೆ ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕುಳಿತು ಬರೆದುಕೊಳ್ಳುತ್ತಿರುತ್ತಾರೆ. ಲೆಕ್ಕವೋ ಹೊಲಿಗೆಯೋ ಕಂಪ್ಯೂಟರೋ ಕಲಿಸುವವರಾದರೆ ಲೆವೆಲ್ 3ರ ಶಿಕ್ಷಣ-ತರಬೇತಿ ಅವಾರ್ಡಿನಿಂದ ಶುರು ಮಾಡಿ. ಚಿಕ್ಕ ಕೋರ್ಸ್, ಕೈಯಲ್ಲಿ ಕೆಲಸ ಇರಬೇಕೆಂದಿಲ್ಲ, ಆದರೆ ಅದರಲ್ಲೂ ಒಂದು ಪುಟ್ಟ ಪಾಠ ಮಾಡಿ ತೋರಿಸಲೇಬೇಕು. ಕೆಲಸ ಸಿಕ್ಕ ಮೇಲೆ ಲೆವೆಲ್ 5ರ ಬೋಧನಾ ಡಿಪ್ಲೊಮಾ. 2024ರಿಂದ ಹೊಸ ರೂಪದ್ದು ಬಂದಿದೆ. ಅದಾದ ಮೇಲೆ ಬೇಕಿದ್ದರೆ ಕ್ಯು.ಟಿ.ಎಲ್.ಎಸ್. ಆ ಪದವಿ ಉಳಿಯಬೇಕಾದರೆ ಅದನ್ನು ಕೊಡುವ ಸಂಘದ ಸದಸ್ಯತ್ವವನ್ನು ತಪ್ಪದೆ ನವೀಕರಿಸುತ್ತಿರಬೇಕೆಂಬುದನ್ನು ಮರೆಯಬೇಡಿ.

ಪಾಠ ನೋಡಲು ಬರುವವರನ್ನು ನಮ್ಮ ಕಡೆಯವರು ಡಿ.ಡಿ.ಪಿ.ಐ. ಕಚೇರಿಯ ತಪಾಸಣೆಯಂತೆ ಕಾಣುತ್ತಾರೆ. ಕಪ್ಪು ಹಲಗೆ ಒರೆಸಿ ಫಳಫಳ ಮಾಡಿ, ತಾವೇ ಗಂಟೆಗಟ್ಟಲೆ ಮಾತಾಡಿಬಿಡುತ್ತಾರೆ. ನನ್ನ ತರಗತಿಗೆ ಬಂದಿದ್ದ ವೀಕ್ಷಕರೊಬ್ಬರು ಹಾಳೆಯಲ್ಲಿ ಗೆರೆ ಎಳೆದು ಎರಡು ಕಂಬ ಮಾಡಿ, ಒಂದರಲ್ಲಿ ನಾನು ಮಾತಾಡಿದ ನಿಮಿಷಗಳನ್ನೂ ಇನ್ನೊಂದರಲ್ಲಿ ಕಲಿಯುವವರು ಮಾತಾಡಿದ್ದನ್ನೂ ಗುರುತಿಸುತ್ತಿದ್ದರು. ಕೊನೆಗೆ ಬಾಯಿಬಿಟ್ಟು ಏನೂ ಹೇಳದೆ ಹಾಳೆ ತಿರುಗಿಸಿ ತೋರಿಸಿದರು. ನನ್ನ ಕಂಬ ತಳ ಮುಟ್ಟಿತ್ತು. ಬಿ.ಎಡ್.ನ ಪಾಠಯೋಜನೆಯ ಅಭ್ಯಾಸ ಇಲ್ಲಿ ನೆರವಾಗುತ್ತದೆ, ಆದರೆ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಹೊಸದಾಗಿ ಕಲಿಯಬೇಕು.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಘಟಿಕೋತ್ಸವದ ಪದವಿ ಪ್ರಮಾಣಪತ್ರ ತೆಗೆದುಕೊಳ್ಳದೆ ವಿಮಾನ ಹತ್ತಬೇಡಿ. ದಾವಣಗೆರೆ ವಿಶ್ವವಿದ್ಯಾಲಯ ಆದದ್ದು 2009ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಾಲೇಜುಗಳಲ್ಲಿ ಪದವಿ ಮುಗಿಸಿದವರ ದಾಖಲೆ ಕುವೆಂಪು ವಿಶ್ವವಿದ್ಯಾಲಯದಲ್ಲಿರುತ್ತದೆ. ಮೊದಲನೆಯದಿರುವ ತೊಳಹುಣಸೆಗೆ ಹೋಗಿ ವಿಚಾರಿಸಿ, ಆಮೇಲೆ ಎರಡನೆಯದಿರುವ ಶಂಕರಘಟ್ಟಕ್ಕೆ ಓಡುವ ಕೆಲಸ ವಯಸ್ಸಾದ ತಂದೆಯ ತಲೆಗೆ ಬರಬಾರದು. ಪದವಿಗೆ ಇಲ್ಲಿನ ಯಾವ ಮಟ್ಟ ಸಮ ಎಂದು ಯು.ಕೆ. ಎನಿಕ್ ಎಂಬ ಸಂಸ್ಥೆ ಪತ್ರ ಕೊಡುತ್ತದೆ. ಅದು ಮಟ್ಟದ ಹೇಳಿಕೆ, ಬೋಧನೆಯ ಪರವಾನಗಿಯಲ್ಲ. ಪೊಲೀಸ್ ದಾಖಲೆಯ ತಪಾಸಣೆಗೆ ಡಿ.ಬಿ.ಎಸ್. ಎನ್ನುತ್ತಾರೆ. ಪತ್ರ ಹೊರಟ 30 ದಿನದೊಳಗೆ ಅದರ ಅಪ್‌ಡೇಟ್ ಸೇವೆಗೆ ನೋಂದಾಯಿಸಿದರೆ ಮುಂದಿನ ಕೆಲಸಕ್ಕೂ ಅದೇ ನಡೆದೀತು. ಕವರ್ ಒಡೆಯದೆ ಕಪಾಟಿನಲ್ಲಿಟ್ಟರೆ ಇನ್ನೊಮ್ಮೆ ಮೊದಲಿನಿಂದ. ಸ್ವಯಂಸೇವಕರಾಗಿ ಬಿಟ್ಟಿಯಾಗಿ ಪಡೆದ ಡಿ.ಬಿ.ಎಸ್. ಸಂಬಳದ ಕೆಲಸಕ್ಕೆ ಒದಗುವುದಿಲ್ಲ.

ಯಾವ ದೇಶದ ಪದ್ಧತಿ ಮೇಲು ಎಂಬ ವಾದಕ್ಕೆ ನನ್ನ ಬಳಿ ಎರಡು ಉತ್ತರಗಳಿವೆ. 2009ರಿಂದ 2018ರವರೆಗೆ ನಮ್ಮಲ್ಲಿ ನಡೆದ ಸಾಕ್ಷರ ಭಾರತ ಎಂಬ ವಯಸ್ಕರ ಸಾಕ್ಷರತಾ ಕಾರ್ಯಕ್ರಮದಲ್ಲಿ ಓದು, ಬರಹ, ಲೆಕ್ಕ ಮೂರಕ್ಕೂ ತಲಾ 50ರಂತೆ 150 ಅಂಕದ ಪರೀಕ್ಷೆ ಇತ್ತು. ಅಜ್ಜಿಯಂದಿರು ಮೊಮ್ಮಕ್ಕಳ ಕೈಹಿಡಿದು ಬಂದು ಬರೆದರು. ಊರಿನ ಕಲಿಕಾ ಕೇಂದ್ರ ನೋಡಿಕೊಳ್ಳುತ್ತಿದ್ದ ಪ್ರೇರಕರಿಗೆ ಸಿಗುತ್ತಿದ್ದ ಗೌರವಧನ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಕಲಿಯುವವರ ಮನೆ, ಜಗುಲಿ, ಹಬ್ಬ, ಜಗಳ ಎಲ್ಲ ಅವರಿಗೆ ಗೊತ್ತಿತ್ತು. ಇಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಕಲಿಕಾ ಯೋಜನೆಯ ಹಾಳೆ: ಏನು ಕಲಿಯಬೇಕೆಂದು ಬಂದಿರಿ, ಎಲ್ಲಿಯವರೆಗೆ ಬಂದಿರಿ, ಮುಂದೇನು. ಪರೀಕ್ಷೆ ಇಲ್ಲದ ತರಗತಿಯಲ್ಲೂ ಪ್ರಗತಿಯನ್ನು ಬರೆದಿಡಲೇಬೇಕು. ಮಗುವಿನ ಡಾಕ್ಟರರ ಬಳಿ ತಾನೇ ಮಾತಾಡಬೇಕೆಂದು ಬಂದ ತಾಯಿಗೆ ಅದೇ ಗುರಿ. ಈ ವಿಚಾರ ನಮ್ಮದಕ್ಕಿಂತ ಸಾವಿರ ಪಾಲು ಮೇಲು. ಆದರೆ ಹಾಳೆ ತುಂಬುವ ಗೀಳು ಹಿಡಿದ ಶಿಕ್ಷಕರು ಆ ತಾಯಿಯ ಮುಖವನ್ನೇ ನೋಡದಿರುವುದನ್ನೂ ಕಂಡಿದ್ದೇನೆ.

ಹೊಸದನ್ನು ತಿಳಿಯುತ್ತಿರುವುದಕ್ಕೆ ಹಣ ಸುರಿಯಬೇಕಿಲ್ಲ. 2007ರ ನಿಯಮದಲ್ಲಿ ಪೂರ್ಣಾವಧಿ ಶಿಕ್ಷಕರು ವರ್ಷಕ್ಕೆ 30 ಗಂಟೆ ವೃತ್ತಿ ಕಲಿಕೆಯ ಲೆಕ್ಕ ಕೊಡಬೇಕಿತ್ತು. ಆಮೇಲೆ ಅದೂ ಹೋಯಿತು. ಕಡ್ಡಾಯ ಹೋದರೂ ಸಂದರ್ಶನದಲ್ಲಿ ಕೇಳುವುದು ಹೋಗಿಲ್ಲ. ಇಲ್ಲಿನ ಮುಕ್ತ ವಿಶ್ವವಿದ್ಯಾಲಯದ ಓಪನ್‌ಲರ್ನ್ ತಾಣದಲ್ಲಿ ಉಚಿತ ಕೋರ್ಸುಗಳಿವೆ, ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್ ಇಂಗ್ಲಿಷ್ ತಾಣದಲ್ಲಿ ಪಾಠಗಳು ಸಿಗುತ್ತವೆ. ವಲಸಿಗರಿಗೆ ಇಂಗ್ಲಿಷ್ ಕಲಿಸುವವರ ಸಂಘ ನಟೆಕ್ಲಾ. ಅದರ ಸಭೆಗೆ ಒಮ್ಮೆ ಹೋದರೆ ಎಲ್ಲಿ ಕೆಲಸ ಖಾಲಿ ಇದೆಯೆಂಬುದು ಜಾಹೀರಾತಿಗಿಂತ ಮೊದಲೇ ತಿಳಿಯುತ್ತದೆ. ಉಗ್ರವಾದ ತಡೆಯ 'ಪ್ರಿವೆಂಟ್' ತರಬೇತಿಯನ್ನು ಗೃಹ ಇಲಾಖೆಯೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅರ್ಜಿಗೆ ಮುಂಚೆಯೇ ಮುಗಿಸಿಡಿ.

ಕೆಲಸ ಸಿಕ್ಕಿತೆಂದು ಫೋನಿನಲ್ಲಿ ಕುಣಿಯುವ ಮೊದಲು ಕರಾರು ಓದಿ. ಹೆಚ್ಚಿನವು ಗಂಟೆ ಲೆಕ್ಕದವು, ಶಾಲಾ ಅವಧಿಯಷ್ಟಕ್ಕೇ. ಗಂಟೆಯ ದರದಲ್ಲಿ ರಜೆಯ ಸಂಬಳ ಸೇರಿದೆಯೇ, ಪಾಠದ ತಯಾರಿಗೆ, ಆ ಹಾಳೆಗಳನ್ನು ತುಂಬುವುದಕ್ಕೆ ಕಾಸಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನು ನಿಮ್ಮ ಮನೆಯವರಿಗೆ ಕಾರ್ಡಿಫ್‌ನ ಆಸ್ಪತ್ರೆಯಲ್ಲಿ ಕೆಲಸವಾಗಿದ್ದರೆ ಇದಿಷ್ಟು ಸಾಲದು: ವೇಲ್ಸ್‌ನಲ್ಲಿ ಕಾಲೇಜು ಶಿಕ್ಷಕರು ಅಲ್ಲಿನ ಶಿಕ್ಷಣ ಕಾರ್ಯಪಡೆ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಸ್ಕಾಟ್ಲೆಂಡಿನ ನಿಯಮ ಮತ್ತೂ ಬೇರೆ. ಅಲ್ಲಿಗೆ ಹೋಗುವವರು ಅಲ್ಲಿಯವರನ್ನೇ ಕೇಳಿ, ನನ್ನನ್ನಲ್ಲ.