ಆರೆಂಜ್ ಅಲರ್ಟ್ ಬಂದ ದಿನ ಸಂಜೆ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ

ಮೇ ತಿಂಗಳಲ್ಲಿ ದಾವಣಗೆರೆಗೆ ಗುಡುಗು, ಬಿರುಗಾಳಿಯ ಎಚ್ಚರಿಕೆ ಬಂದರೆ ಜನ ಎರಡು ಪಾಲಾಗುತ್ತಾರೆ. ಕೆಲವರು ಇಡೀ ದಿನದ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಉಳಿದವರು ಮಧ್ಯಾಹ್ನದ ರಣಬಿಸಿಲು ನೋಡಿ, ‘ಇವರು ಹೇಳಿದ್ದು ಯಾವಾಗ ನಿಜ ಆಗಿದೆ?’ ಎಂದು ನಕ್ಕು ಸಂಜೆ ಬೈಕ್ ಹತ್ತುತ್ತಾರೆ. ಎರಡೂ ಬೇಡ. ಮುಂಗಾರಿಗೆ ಮುಂಚಿನ ಈ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ, ಇಲ್ಲವೇ ರಾತ್ರಿ ಮೊದಲ ಜಾವದಲ್ಲಿ ಬರುತ್ತದೆ. ಹೊತ್ತು ಬದಲಿಸಿಕೊಂಡರೆ ಮುಕ್ಕಾಲು ಕೆಲಸ ನಡೆಯುತ್ತದೆ.

1. ಬಣ್ಣ ನೋಡಿ, ತಾರೀಕನ್ನೂ ನೋಡಿ

ಹಳದಿ ಎಂದರೆ ಗಮನ ಇಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಂಗಳವಾರದ ಅಲರ್ಟ್ ಬುಧವಾರ ಬೆಳಗಿನ ಜಾವಕ್ಕೂ ಸೇರುತ್ತದೆ. ಇನ್ನೊಂದು ಮಾತು: ಬಣ್ಣ ಬರೀ ಮಳೆಯ ಅಳತೆಯಲ್ಲ. ಗಾಳಿ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಬೀಸಿದರೆ ಹನಿ ಕಮ್ಮಿ ಬಿದ್ದರೂ ಕೊಂಬೆ ಮುರಿಯುತ್ತದೆ, ಶೀಟು ಹಾರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕ್ಷೆ ನಂಬಬೇಡಿ. ಹೋದ ವರ್ಷದ ಚಿತ್ರವೇ ಈ ವರ್ಷವೂ ಸುತ್ತುತ್ತಿರುತ್ತದೆ. ಮೊಬೈಲ್‌ ಜೊತೆಗೇ ಬರುವ ಹವಾಮಾನ ಆ್ಯಪ್ ಅಂತೂ ಬೇಸಿಗೆ ಪೂರ್ತಿ ಸಿಡಿಲಿನ ಚಿತ್ರ ತೋರಿಸುತ್ತದೆ, ಸುಮ್ನೆ ಬಿಟ್ಟುಬಿಡಿ.

2. ಊರೊಳಗಿನ ಕೆಲಸ ಮಧ್ಯಾಹ್ನದೊಳಗೆ

ಬ್ಯಾಂಕು, ಎಪಿಎಂಸಿ, ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿಬರುವುದು, ಎಲ್ಲವೂ ಎರಡು ಗಂಟೆಯೊಳಗೆ.

ಮದುವೆ ಮನೆಯವರಿಗೆ ಬೇರೆ ಮಾತು. ಮುಹೂರ್ತ ಹೇಗೂ ಬೆಳಿಗ್ಗೆ ಇರುತ್ತದೆ, ತೊಂದರೆ ಇರುವುದು ಸಂಜೆಯ ಆರತಕ್ಷತೆಗೆ. ಬಯಲಲ್ಲಿ ಪೆಂಡಾಲ್ ಹಾಕಿಸಿದ್ದರೆ ಊಟ ಒಳಗೆ ಬಡಿಸಲು ಒಂದು ಹಾಲ್ ನೋಡಿಟ್ಟುಕೊಳ್ಳಿ. ಗಾಳಿ ಎದ್ದಾಗ ಪೆಂಡಾಲ್ ಕಂಬ ಹಿಡಿದುಕೊಂಡು ನಿಲ್ಲುವ ಸಾಹಸ ಯಾರೂ ಮಾಡಬಾರದು. ಹಾರುವುದು ಹಾರಲಿ, ಜನ ಹೊರಗೆ ಬರಲಿ.

3. ಒಣಗಲು ಹಾಕಿದ ಭತ್ತ

ಭದ್ರಾ ನಾಲೆ ಕಡೆ ಬೇಸಿಗೆ ಭತ್ತದ ಕೊಯ್ಲೂ ಈ ಮಳೆಯೂ ಒಟ್ಟಿಗೆ ಬರುತ್ತವೆ. ಮೋಡ ಕಂಡ ಮೇಲೆ ರಾಶಿ ಮಾಡಲು ಹೊರಟರೆ ಸಮಯ ಸಾಲದು. ಮಧ್ಯಾಹ್ನವೇ ರಾಶಿ ಮಾಡಿ, ಸುತ್ತ ಸಣ್ಣ ಕಾಲುವೆ ತೆಗೆದು ಹೊದಿಸಿ. ಸಂತೆಯಲ್ಲಿ ಸಿಗುವ ತೆಳು ನೀಲಿ ತಾಡಪಾಲು ಮೊದಲ ಗಾಳಿಗೇ ಹರಿಯುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ದಪ್ಪದ್ದೇ ತಗೊಳ್ಳಿ. ಅಂಚಿಗೆ ನಾಲ್ಕು ಕಲ್ಲು ಇಟ್ಟರೆ ಸಾಲದು, ಉದ್ದಕ್ಕೂ ಮಣ್ಣು ತುಂಬಿದ ಚೀಲ ಸಾಲಾಗಿ ಇಡಿ.

4. ಎರಡು ಗಂಟೆಯ ನಂತರ: ಇಲ್ಲಿಯೇ ಎಲ್ಲರೂ ಎಡವುವುದು

ಬೆಳಿಗ್ಗೆಯ ಅಲರ್ಟ್ ಇಡೀ ಜಿಲ್ಲೆಗೆ. ಮಳೆ ಚನ್ನಗಿರಿಯಲ್ಲಿ ಸುರಿದು ಜಗಳೂರಿನಲ್ಲಿ ಧೂಳೆದ್ದರೂ ಅದು ತಪ್ಪಾದ ಮುನ್ಸೂಚನೆಯಲ್ಲ. ಹಾಗಾಗಿ ಮಧ್ಯಾಹ್ನದಿಂದ ಬೇರೆ ಸೂಚನೆ ನೋಡಬೇಕು. ಮುಂದಿನ ಮೂರು ಗಂಟೆಗೆ ಎಂದು ಇಲಾಖೆ ಆಗಾಗ ಕೊಡುವ ತಕ್ಷಣದ ಮುನ್ಸೂಚನೆ ಒಂದು. ‘ದಾಮಿನಿ’ ಆ್ಯಪ್ ಇನ್ನೊಂದು. ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ವ್ಯಾಪ್ತಿಯಲ್ಲಿ ಸಿಡಿಲು ಬೀಳುತ್ತಿದೆಯಾ ಎಂದು ಅದು ತೋರಿಸುತ್ತದೆ.

ಬಿಸಿಲು ಜೋರಾಗಿದೆ, ಹಾಗಾಗಿ ಮಳೆ ಇಲ್ಲ ಎನ್ನುವ ಲೆಕ್ಕ ತಲೆಕೆಳಗು. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯೇ ಆ ಮೋಡವನ್ನು ಬೆಳೆಸುವುದು. ಸೆಕೆ ತಡೆಯಲಾಗದೆ, ಬಿಳಿ ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತಿದ್ದರೆ ಹೊರಡುವ ಯೋಚನೆ ಬಿಡಿ. ಮೋಡದ ಬುಡ ಕಪ್ಪಾಗಿ, ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಧೂಳಿನ ಜೊತೆ ನುಗ್ಗಿದರೆ ‘ಅಬ್ಬಾ, ತಂಪಾಯ್ತು’ ಎಂದು ತಾರಸಿ ಹತ್ತುವವರೇ ಜಾಸ್ತಿ. ಅಲ್ಲೇ ಸುರಿಯುತ್ತಿರುವ ಮಳೆ ತಂಪು ಮಾಡಿ ಕೆಳಗೆ ತಳ್ಳಿದ ಗಾಳಿ ಅದು. ನಿಮಗೆ ಉಳಿದಿರುವುದು ಕೆಲವೇ ನಿಮಿಷ.

ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಕೇಳುವವರೆಗಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಎಣಿಕೆ 30 ಮುಟ್ಟುವ ಮೊದಲೇ ಗುಡುಗಿದರೆ ಒಳಗೆ ಹೋಗಿ, ಹನಿ ಬೀಳಲಿ ಬೀಳದಿರಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಕಾಲಿಡಬೇಡಿ. ಮಳೆ ನಿಂತಿತು ಎಂದು ಹೊರಬಿದ್ದವರಿಗೂ ಸಿಡಿಲು ಬಡಿಯುತ್ತದೆ.

ಹೊಲದಲ್ಲೋ ಹೆದ್ದಾರಿಯಲ್ಲೋ ಸಿಕ್ಕಿಬಿದ್ದರೆ ಹುಣಸೆ, ಬೇವಿನ ಮರದ ಬುಡ ಹುಡುಕಬೇಡಿ. ಮರಕ್ಕೆ ಬಡಿದದ್ದು ಪಕ್ಕದಲ್ಲಿ ನಿಂತವರಿಗೂ ಹಾಯುತ್ತದೆ. ಗಾಜು ಏರಿಸಿದ ಕಾರು, ಬಸ್ಸು ಪರವಾಗಿಲ್ಲ. ಬೈಕ್, ತೆರೆದ ಟ್ರ್ಯಾಕ್ಟರ್, ತಗಡಿನ ಬಸ್ ನಿಲ್ದಾಣ ಆಸರೆಯಲ್ಲ. ಏನೂ ಸಿಗದಿದ್ದರೆ ತಗ್ಗು ಜಾಗದಲ್ಲಿ, ನೀರು ನಿಂತಿಲ್ಲದ ಕಡೆ, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ. ಮಲಗಬೇಡಿ. ಕುರಿ ಕಾಯುವವರು ಹಿಂಡಿನ ನಡುವೆ ನಿಲ್ಲದೆ ದೂರ ಸರಿಯಬೇಕು. ಹೇಳುವುದು ಸುಲಭ, ಹಿಂಡು ಬಿಟ್ಟು ಸರಿಯಲು ಮನಸ್ಸು ಬರುವುದಿಲ್ಲ ಅಲ್ವಾ? ಅದಕ್ಕೇ ಅಂಥ ದಿನ ಮಧ್ಯಾಹ್ನವೇ ಹಟ್ಟಿಗೆ ಹೊಡೆದುಕೊಂಡು ಬರುವುದು ಒಳ್ಳೆಯದು.

5. ಪ್ಲಗ್

ಗುಡುಗು ದೂರ ಇರುವಾಗಲೇ ಟಿವಿ, ಫ್ರಿಜ್ ಪ್ಲಗ್ ಕಿತ್ತಿಡಿ, ಡಿಶ್ ಕೇಬಲ್ ಕೂಡ. ಸ್ವಿಚ್ ಆರಿಸಿದರೆ ಸಾಲದು. ನೆತ್ತಿಯ ಮೇಲೆ ಮಿಂಚುವಾಗ ಪ್ಲಗ್ಗನ್ನೂ ಪಂಪ್‌ಸೆಟ್ ಸ್ಟಾರ್ಟರನ್ನೂ ಮುಟ್ಟಬೇಡಿ. ಸಿಡಿಲಿನಿಂದ ಕಾಪಾಡುತ್ತದೆ ಎಂದು ಅಗ್ಗಕ್ಕೆ ಮಾರುವ ಎಕ್ಸ್‌ಟೆನ್ಷನ್ ಬಾಕ್ಸ್‌ಗಳಲ್ಲಿ ಹಲವಕ್ಕೆ ಒಳಗೆ ಏನೂ ಇರುವುದಿಲ್ಲ. ಮೇಣದಬತ್ತಿಗಿಂತ ಟಾರ್ಚ್ ಮೇಲು.

6. ಮಳೆ ನಿಂತ ಮೇಲೆ

ಕಡಿದು ಬಿದ್ದ ತಂತಿ ಕಂಡರೆ ಕರೆಂಟ್ ಇಲ್ಲ ಎಂದುಕೊಳ್ಳಬೇಡಿ. ದೂರ ನಿಂತು, ಬೇರೆಯವರನ್ನೂ ತಡೆದು, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ನೀರು ತುಂಬಿದ ರೈಲ್ವೆ ಕೆಳಸೇತುವೆಗೆ ಗಾಡಿ ಇಳಿಸಬೇಡಿ, ಸುತ್ತಿ ಹೋದರೆ ಹತ್ತು ನಿಮಿಷ ಹೆಚ್ಚು ಅಷ್ಟೇ. ಕರೆಂಟ್ ಬಂದ ಕೂಡಲೇ ಬೋರ್‌ವೆಲ್ ಮೋಟರ್ ಹಾಕಬೇಡಿ. ಗಾಳಿಮಳೆಯ ನಂತರ ಎಷ್ಟೋ ಸಲ ಒಂದು ಫೇಸ್ ಹೋಗಿರುತ್ತದೆ. ಮೂರೂ ಫೇಸ್ ಇದೆಯಾ ನೋಡದೆ ಹಾಕಿದರೆ ಮೋಟರ್ ಸುಟ್ಟು, ಮಾರನೇ ದಿನ ಬೋರ್‌ನಿಂದ ಮೇಲೆತ್ತಿಸಿ ರಿವೈಂಡಿಂಗ್‌ಗೆ ಒಯ್ಯಬೇಕಾಗುತ್ತದೆ.