ಹೊಸ ಕ್ಯಾಬಿನೆಟ್ ಕೊಳ್ಳೋ ಮೊದಲು ಮದರ್‌ಬೋರ್ಡ್‌ನ ಯುಎಸ್‌ಬಿ ಹೆಡರ್ ನೋಡಿಕೊಳ್ಳಿ

ಹಳೇ ಮದರ್‌ಬೋರ್ಡ್‌ಗೆ ಹೊಸ ಕ್ಯಾಬಿನೆಟ್ (ಕಂಪ್ಯೂಟರ್‌ನ ಹೊರಪೆಟ್ಟಿಗೆ) ಹಾಕುವವರು ಅದರ ಮುಂಭಾಗದ ಯುಎಸ್‌ಬಿ ಪೋರ್ಟ್‌ಗಳ ಕೇಬಲ್ ಬೋರ್ಡ್‌ನ ಹೆಡರ್‌ಗೆ, ಅಂದರೆ ಆ ಕೇಬಲ್ ಚುಚ್ಚುವ ಪಿನ್‌ಗಳ ಗುಂಪಿಗೆ, ಹೊಂದುತ್ತಾ ಅಂತ ಮೊದಲೇ ನೋಡಿ. ಯುಎಸ್‌ಬಿ 2.0 ಹೆಡರ್ ಚಿಕ್ಕದು, 9 ಪಿನ್. 3.0 ಅಗಲವಾಗಿದ್ದು 19 ಪಿನ್, ಸುತ್ತ ಪ್ಲಾಸ್ಟಿಕ್ ಗೋಡೆ ಇರುತ್ತದೆ. ಒಂದರ ಕೇಬಲ್ ಇನ್ನೊಂದಕ್ಕೆ ಕೂರುವುದಿಲ್ಲ. ಮುಂಭಾಗದ ಟೈಪ್-ಸಿ ಪೋರ್ಟ್‌ನ ಕೇಬಲ್ ಇವೆರಡಕ್ಕೂ ಬೇರೆ.

ಬೋರ್ಡ್‌ನಲ್ಲಿ 2.0 ಮಾತ್ರ ಇದ್ದರೂ ಚಿಂತೆ ಬೇಡ. 19 ಪಿನ್ ಕೇಬಲನ್ನು 9 ಪಿನ್‌ಗೆ ಸೇರಿಸುವ ಅಡಾಪ್ಟರ್ ಸಿಗುತ್ತದೆ. ಮೌಸ್, ಪೆನ್‌ಡ್ರೈವ್ ಎಲ್ಲ ನಡೆಯುತ್ತವೆ. ಆದರೆ ವೇಗ ಸೆಕೆಂಡಿಗೆ 480 ಮೆಗಾಬಿಟ್ ದಾಟುವುದಿಲ್ಲ, 3.0ರ 5 ಗಿಗಾಬಿಟ್ ಸಿಗಲ್ಲ. ದೊಡ್ಡ ಫೈಲ್ ಜಾಸ್ತಿ ಕಾಪಿ ಮಾಡುವವರಿಗೆ ಮದರ್‌ಬೋರ್ಡ್‌ನ ಸ್ಲಾಟ್‌ಗೆ ಹಾಕುವ, 19 ಪಿನ್ ಹೆಡರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೇ ವಾಸಿ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಕೆಲವು ಹಳೇ ಬೋರ್ಡ್‌ಗಳಲ್ಲಿ ಫೈರ್‌ವೈರ್ (ಸಾಧನಗಳನ್ನು ಜೋಡಿಸುವ ಇನ್ನೊಂದು ಹಳೇ ಬಗೆ) ಹೆಡರ್ ಕೂಡ ಥೇಟ್ ಯುಎಸ್‌ಬಿ 2.0 ತರಹವೇ ಕಾಣುತ್ತದೆ. ಅದರಲ್ಲಿ 12 ವೋಲ್ಟ್ ಬರುತ್ತದೆ, ಯುಎಸ್‌ಬಿಗೆ ಬೇಕಾದ್ದು 5. ಸುಮ್ನೆ ಹೊಂದಿತು ಅಂತ ಚುಚ್ಚಿದರೆ ಪೋರ್ಟಿಗೆ ಹಾಕಿದ ಸಾಧನ ಸುಟ್ಟು ಹೋಗಬಹುದು, ಬೋರ್ಡಿಗೂ ಅಪಾಯ. ಪಿನ್‌ಗಳ ಪಕ್ಕ ಅಚ್ಚಾಗಿರೋದನ್ನು ಟಾರ್ಚ್ ಹಿಡಿದು ಓದಿ. 1394 ಅಂತಿದ್ದರೆ ಅದು ಫೈರ್‌ವೈರ್.

3.0 ಕೇಬಲ್ ದಪ್ಪ, ಬಿರುಸು. ಓರೆಯಾಗಿ ಒತ್ತಿದರೆ ಪಿನ್ ಬಗ್ಗುತ್ತದೆ. ನೇರವಾಗಿ ಕೂರಿಸಿ, ತೆಗೆಯುವಾಗಲೂ ನೇರವಾಗಿಯೇ ಎಳೆಯಿರಿ.