‘ಬ್ಯಾಂಕ್’ ಎಂಬ ಪದದ ಮೂಲ ಹುಡುಕುವ ಬಗೆ

ಇಂಗ್ಲಿಷಿನ ‘ಬ್ಯಾಂಕ್’ ಎಂದರೆ ಹಣ ಇಡುವ ಜಾಗ ಎಂದಷ್ಟೇ ತಿಳಿದವರು, ನದಿಯ ‘ಬ್ಯಾಂಕ್’ ಮೇಲೆ ದನ ಮೇಯುತ್ತಿದ್ದವು ಎಂಬ ವಾಕ್ಯ ಎದುರಾದಾಗ ಒಂದು ಕ್ಷಣ ಮುಗ್ಗರಿಸುತ್ತಾರೆ. ಇಂಥ ಪದ ಸಿಕ್ಕಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಕಾಲಕ್ರಮದಲ್ಲಿ ಅರ್ಥ ಹಿಗ್ಗಿಸಿಕೊಂಡ ಒಂದು ಪದವೋ, ಅಥವಾ ಬೇರೆ ಬೇರೆ ದಾರಿಯಿಂದ ಬಂದು ಒಂದೇ ವೇಷ ತೊಟ್ಟ ಹಲವು ಪದಗಳೋ?

ಅದನ್ನು ತಿಳಿಯಲು ನಿಘಂಟಿಗೆ ಕೈ ಹಾಕುವ ಮುನ್ನ ಕಾಗದದ ಮೇಲೆ ವಾಕ್ಯಗಳನ್ನು ಬರೆದುಕೊಳ್ಳಿ. ಅರ್ಥಗಳನ್ನಷ್ಟೇ ಪಟ್ಟಿ ಮಾಡಿದರೆ ಅವುಗಳ ನಡುವಿನ ನಂಟು ಕಾಣುವುದಿಲ್ಲ. ವಾಕ್ಯದಲ್ಲಿ ಇಟ್ಟಾಗ ಪದದ ಹಿಂದಿರುವ ಚಿತ್ರ ಹೊರಬರುತ್ತದೆ. ನದಿಯ ದಡ, ದಿಬ್ಬದಂತೆ ಕವಿದ ಮಂಜು, ತಿರುವಿನಲ್ಲಿ ವಿಮಾನ ಒಂದು ಪಕ್ಕಕ್ಕೆ ವಾಲುವುದು, ಈ ಮೂರರಲ್ಲೂ ಇರುವುದು ಇಳಿಜಾರಾದ ಏರಿಯ ಚಿತ್ರ. ಹಣದ ಸಂಸ್ಥೆ, ರಕ್ತನಿಧಿ, ಒಬ್ಬರನ್ನು ನೆಚ್ಚಿಕೊಳ್ಳುವುದು, ಇವು ಇನ್ನೊಂದು ಗುಂಪು. ರಕ್ತನಿಧಿಗೆ ‘ಬ್ಲಡ್ ಬ್ಯಾಂಕ್’ ಎಂಬ ಹೆಸರನ್ನು 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರು ಕೊಟ್ಟದ್ದೇ ಹಣದ ಬ್ಯಾಂಕಿನ ಹೋಲಿಕೆಯಿಂದ. ಹಡಗಿನಲ್ಲಿ ಹುಟ್ಟು ಹಾಕುವವರ ಸಾಲು, ಯಂತ್ರದ ಒತ್ತುಗುಂಡಿಗಳ ಸಾಲು ಎಂಬ ಅರ್ಥ ಮಾತ್ರ ಈ ಎರಡು ಗುಂಪಿಗೂ ಸೇರದೆ ಉಳಿಯುತ್ತದೆ. ಹೀಗೆ ಉಳಿದುದನ್ನು ಒತ್ತಾಯದಿಂದ ಎಲ್ಲಿಗೋ ಸೇರಿಸಬೇಡಿ. ಸಾಮಾನ್ಯವಾಗಿ ಸುಳಿವು ಅಡಗಿರುವುದು ಅಲ್ಲಿಯೇ.

ಈಗ ದೊಡ್ಡ ನಿಘಂಟನ್ನು ತೆರೆಯಿರಿ. ಒಂದೇ ಪದ ಬೇರೆ ಬೇರೆ ಸಂಖ್ಯೆ ಹೊತ್ತು ಎರಡು ಮೂರು ಸಲ ತಲೆಬರಹವಾಗಿ ಬಂದಿದ್ದರೆ, ಅವು ಇಂಗ್ಲಿಷಿಗೆ ಬೇರೆ ಬೇರೆಯಾಗಿ ಬಂದ ಪದಗಳು ಎಂದು ಸಂಪಾದಕರು ತೀರ್ಮಾನಿಸಿದ್ದಾರೆಂದು ತಿಳಿಯಬೇಕು. ಒಂದೇ ತಲೆಬರಹದ ಕೆಳಗೆ 1, 2, 3 ಎಂದು ಅರ್ಥಗಳಿದ್ದರೆ ಅವು ಒಂದೇ ಪದದ ಕವಲುಗಳು. ‘ಬ್ಯಾಂಕ್’ಗೆ ಪ್ರತ್ಯೇಕ ತಲೆಬರಹಗಳೇ ಇರುತ್ತವೆ. ಪದದ ಮೂಲವನ್ನು ಹೇಳುವ ಸಾಲನ್ನು ತುದಿಯಿಂದ ಹಿಂದಕ್ಕೆ ಓದುವುದು ನನ್ನ ಅಭ್ಯಾಸ, ಏಕೆಂದರೆ ಅತ್ಯಂತ ಹಳೆಯ ರೂಪ ಇರುವುದು ಅಲ್ಲಿ. ದಡದ ‘ಬ್ಯಾಂಕ್’ ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದು 1200ರ ಸುಮಾರಿಗೇ ಇಂಗ್ಲಿಷಿನಲ್ಲಿತ್ತು. ಹಣದ ‘ಬ್ಯಾಂಕ್’ ಇಟಲಿಯ ‘ಬಾಂಕಾ’ದಿಂದ, ಫ್ರೆಂಚಿನ ಮೂಲಕವೂ ಹಾದು, 15ನೇ ಶತಮಾನದ ಕೊನೆಗೆ ಬಂದಿತು, ‘ಬಾಂಕಾ’ ಎಂದರೆ ಹಣ ಬದಲಾಯಿಸುವವರು ನಾಣ್ಯ ಹರಡಿ ಕೂರುತ್ತಿದ್ದ ಮೇಜು. ಸಾಲಿನ ‘ಬ್ಯಾಂಕ್’ ಹಳೆಯ ಫ್ರೆಂಚಿನಲ್ಲಿ ಕೂರುವ ಮಣೆಗಿದ್ದ ಹೆಸರು: ಹುಟ್ಟು ಹಾಕುವವರು ಸಾಲಾಗಿ ಕೂತಿದ್ದ ಮಣೆಯೇ ಮುಂದೆ ಸಾಲು ಎಂಬ ಅರ್ಥ ಪಡೆಯಿತು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಇಟಲಿಯವರ ‘ಬಾಂಕಾ’ ಲ್ಯಾಟಿನ್ನಿನದಲ್ಲ, ಇಂಗ್ಲಿಷ್, ಜರ್ಮನ್, ಸ್ಕ್ಯಾಂಡಿನೇವಿಯದ ಭಾಷೆಗಳು ಸೇರಿರುವ ಜರ್ಮ್ಯಾನಿಕ್ ಕುಟುಂಬದಿಂದ ಅವರು ಪಡೆದದ್ದು. ಆದ್ದರಿಂದ ಮೂರು ‘ಬ್ಯಾಂಕ್’ಗಳೂ, ಇಂಗ್ಲಿಷಿನದೇ ಹಳೆಯ ಪದವಾದ ‘ಬೆಂಚ್’ ಕೂಡ, ಒಂದೇ ಮನೆತನದವು; ಬೇರೆ ಬೇರೆ ಊರು ಸುತ್ತಿ ಮತ್ತೆ ಒಂದೇ ಜಗಲಿಗೆ ಬಂದು ಕೂತವು. ನಮ್ಮ ಯಾವುದೇ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯುವವರು ಒಂದೇ ಪದದ ಎರಡು ರೂಪಗಳ ನಡುವೆ ಕೂತಿರುತ್ತಾರೆ. ಇದನ್ನು ತಾಳೆ ನೋಡಲು ಸೋದರ ಭಾಷೆಯೊಂದನ್ನು ವಿಚಾರಿಸಬೇಕು. ಜರ್ಮನ್ ಭಾಷೆಯಲ್ಲಿ ‘ಬಾಂಕ್’ ಎಂದರೆ ಬೆಂಚೂ ಹೌದು, ಹಣದ ಸಂಸ್ಥೆಯೂ ಹೌದು. ಬಹುವಚನದಲ್ಲಿ ಮಾತ್ರ ಬೆಂಚುಗಳು ‘ಬೆಂಕೆ’ ಎಂದೂ ಹಣದ ಸಂಸ್ಥೆಗಳು ‘ಬಾಂಕೆನ್’ ಎಂದೂ ಬೇರೆಯಾಗುತ್ತವೆ.

ಸೊಗಸಾದ ಕತೆಗಳ ವಿಷಯದಲ್ಲಿ ಎಚ್ಚರ ಬೇಕು. ದಿವಾಳಿಗೆ ಇಂಗ್ಲಿಷಿನಲ್ಲಿರುವ ‘ಬ್ಯಾಂಕ್‌ರಪ್ಟ್’ ಇಟಲಿಯ ‘ಬಾಂಕಾ ರೊಟ್ಟಾ’, ಅಂದರೆ ಮುರಿದ ಮೇಜು, ಎಂಬ ಮಾತಿನಿಂದ ಬಂದದ್ದು ನಿಜ. ಆದರೆ ದಿವಾಳಿಯಾದವನ ಮೇಜನ್ನು ಸಂತೆಯ ನಡುವೆ ನಿಜಕ್ಕೂ ಒಡೆದುಹಾಕುತ್ತಿದ್ದರು ಎಂಬ ಕತೆಯನ್ನು ಪದದ ಆಧಾರದಿಂದಷ್ಟೇ ನಂಬಲಾಗದು. ನಾವು ‘ಮನೆ ಮುರಿಯಿತು’ ಎಂದಾಗ ಗೋಡೆ ಬಿದ್ದಿರಬೇಕಿಲ್ಲ.

ಎಲ್ಲ ಪದಗಳೂ ಹೀಗೆ ಹಿಂದೆ ಒಂದೆಡೆ ಕೂಡುತ್ತವೆಂದೂ ಭಾವಿಸಬಾರದು. ನಾಯಿ ಬೊಗಳುವ ‘ಬಾರ್ಕ್’ ಇಂಗ್ಲಿಷಿನ ಹಳೆಯ ಪದ, ಮರದ ತೊಗಟೆಯ ‘ಬಾರ್ಕ್’ ಸ್ಕ್ಯಾಂಡಿನೇವಿಯದ್ದು. ಅವುಗಳ ಹೋಲಿಕೆ ಬರಿಯ ಆಕಸ್ಮಿಕ. ಇದೇ ಪರೀಕ್ಷೆಯನ್ನು ಕನ್ನಡದ ‘ಕರೆ’ಯ ಮೇಲೆ ಮಾಡಿ ನೋಡಬಹುದು. ಮಗುವನ್ನು ಕರೆಯುತ್ತೇವೆ, ಹಸುವಿನ ಹಾಲನ್ನೂ ಕರೆಯುತ್ತೇವೆ. ಹಳಗನ್ನಡದಲ್ಲಿ ಹಾಲು ಕರೆಯುವುದಕ್ಕೆ ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ಇನ್ನೊಂದು ಬಗೆಯ ರಕಾರವಾದ ‘ಱ’ದ, ‘ಕಱೆ’, ಕೂಗಿ ಕರೆಯುವುದಕ್ಕೆ ಸಾಮಾನ್ಯ ರಕಾರದ ‘ಕರೆ’ ಇದ್ದವು. ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ಆದವು. 1894ರ ಕಿಟ್ಟೆಲ್ ನಿಘಂಟಿನಂಥ ಹಳೆಯ ಕೋಶವನ್ನು ತಿರುವಿದಾಗ ಮೂರನೆಯ ‘ಕರೆ’ಯೂ ಸಿಗುತ್ತದೆ. ಅದರ ಅರ್ಥ ದಡ.